ಮಲ್ಲಕ್ಕನ ಮೂರನೇ ಬ್ಯಾಚು

ಕಡೂರಿಗೆ ಬಂದು ಮಲ್ಲಿಕಾಂಬ ಅವರ ಮನೆಯ ಮಹಡಿಗೆ ಬಾಡಿಗೆಗೆ ಸೇರಿದ ಮೊದಲ ವಾರವೇ ನಾನು ನನ್ನ ಗಂಡ ಮೋಹನ್‌ಗೆ ಬೇರೆ ಮನೆ ನೋಡೋಣ ಅಂದಿದ್ದೆ. ಕೆಳಗಿನ ಮನೆಯಾಕೆ ಯಾವುದೋ ಪ್ರಾಣಿಯ ಜೀವಕೋಶ ಬೆಳೆಸುವ ಕಡೆ ಕೆಲಸ ಮಾಡುತ್ತಾರೆ ಎಂದು ಹಾಲಿನವನು ಹೇಳಿದ್ದ. ನನ್ನ ಮಗಳಿಗೆ ಆಗ ಹದಿನಾಲ್ಕು ತಿಂಗಳು. ಅವಳ ಚಮಚವನ್ನು ದಿನಕ್ಕೆರಡು ಸಲ ಕುದಿಸುವವಳು ನಾನು. ಮೋಹನ್ ಬ್ಯಾಂಕಿನಲ್ಲಿ ಕೂತು ಹತ್ತು ಜನರಿಗೆ ಸಮಾಧಾನ ಹೇಳಬಲ್ಲ, ನನಗೆ ಮಾತ್ರ ಹೇಳಲಾರ. ಕೊನೆಗೆ ನಾನೇ ಇಳಿದು ಹೋಗಿ, ಮಗುವಿಗೆ ಏನಾದರೂ ಅಂಟುವುದುಂಟಾ ಎಂದು ನೇರವಾಗಿ ಕೇಳಿಬಿಟ್ಟೆ. ಮಲ್ಲಿಕಾಂಬ ಬೇಜಾರು ಮಾಡಿಕೊಳ್ಳಲಿಲ್ಲ.

"ಅಲ್ಲಿಂದ ಇಲ್ಲಿಗೆ ಏನಾದ್ರೂ ಬತ್ತದೆ ಅಂತ ನಿಂಗೆ ಭಯ. ಇಲ್ಲಿಂದ ಅಲ್ಲಿಗೆ ಏನಾದ್ರೂ ಹೋಗ್ಬುಟ್ಟಾತು ಅಂತ ನಂಗೆ ಭಯ. ಇಬ್ರೂ ಸರಿಯಾಗಿ ಸೇರ್ಕೊಂಡ್ವಿ ಬಿಡು," ಅಂದರು.

ಅವತ್ತಿನಿಂದ ಅವರು ನನಗೆ ಮಲ್ಲಕ್ಕ.

ಮಲ್ಲಕ್ಕ ಹಿರೇನಲ್ಲೂರಿನವರು. ಕಡೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ ಊರಿನ ಹಾಲಿನ ಡೇರಿಯಲ್ಲಿ ಒಂಬತ್ತು ವರ್ಷ ಹಾಲು ಪರೀಕ್ಷೆ ಮಾಡಿದರು. ಬೆಳಗ್ಗೆ ಐದೂವರೆಗೆ ಡೇರಿ ಬಾಗಿಲು ತೆಗೆದು, ಸಾಲಾಗಿ ನಿಂತವರ ಕ್ಯಾನಿಗೆ ಅಳತೆಯ ಕಡ್ಡಿ ಇಳಿಬಿಟ್ಟು, ನೀರು ಬೆರೆತಿದ್ದರೆ ಹಾಲು ವಾಪಸ್ ಕಳಿಸುವುದು ಅವರ ಕೆಲಸ. ಒಂದು ದಿನ ಅವರ ತಂದೆ ಈರಭದ್ರಪ್ಪನವರ ಕ್ಯಾನೇ ಅಳತೆಗೆ ನಿಲ್ಲಲಿಲ್ಲವಂತೆ. ಮನೆಯಲ್ಲಿ ಯಾರೋ ಕ್ಯಾನು ತೊಳೆದು ನೀರು ಬಗ್ಗಿಸದೆ ಹಾಲು ಹುಯ್ದಿದ್ದರು, ಬೇಕೂಂತ ಮಾಡಿದ್ದಲ್ಲ. ಆದರೂ ಮಗಳು ಇಡೀ ಸಾಲಿನ ಎದುರಿಗೆ "ಅಪ್ಪಾಜಿ, ಇದು ಆಗಲ್ಲ, ತಗೊಂಡೋಗಿ" ಅಂದುಬಿಟ್ಟಳು. ಅಪ್ಪ ಮೂರು ದಿನ ಮಾತು ಬಿಟ್ಟರು. ನಾಲ್ಕನೇ ದಿನ ತಾವೇ ಕ್ಯಾನು ತೊಳೆದು ತಂದರು. ಈ ಕತೆಯನ್ನು ನನಗೆ ಹೇಳಿದವರು ಅವರ ಗಂಡ ಷಣ್ಮುಖಪ್ಪ. ಹೆಂಡತಿಯ ವಿಷಯ ಬಂದರೆ ಅವರಿಗೆ ನಗು ಮೊದಲು ಬರುತ್ತದೆ, ಮಾತು ಆಮೇಲೆ.

ಷಣ್ಮುಖಪ್ಪ ಸರ್ಕಾರಿ ಬಸ್ಸಿನ ಕಂಡಕ್ಟರ್. ಕಡೂರಿನಿಂದ ಅಜ್ಜಂಪುರಕ್ಕೆ ಹೋಗುವ ಬಸ್ಸಿನಲ್ಲಿ ಹನ್ನೊಂದು ವರ್ಷ ಟಿಕೆಟ್ ಹರಿದವರು. ಐದು ವರ್ಷದ ಹಿಂದೆ, ಸಂಜೆಯ ಟ್ರಿಪ್ಪಿನ ಹೊತ್ತಿಗೆ ಅವರ ಎಡಗಣ್ಣಿನ ರೆಪ್ಪೆ ತಾನಾಗಿ ಇಳಿಯತೊಡಗಿತು. ಬೆಳಗ್ಗೆ ಸರಿಯಿರುತ್ತಿತ್ತು, ಮೂರು ಗಂಟೆಯ ಮೇಲೆ ಅರ್ಧಕ್ಕೆ ಮುಚ್ಚಿಕೊಳ್ಳುತ್ತಿತ್ತು. ಆಮೇಲೆ ನಾಲಿಗೆ ತೊದಲಿತು. ಕಂಡಕ್ಟರ್ ಕುಡಿದು ಬರುತ್ತಾನೆ ಎಂದು ಅಜ್ಜಂಪುರದ ಯಾರೋ ಡಿಪೋಗೆ ಅರ್ಜಿ ಬರೆದರು. ಹುಟ್ಟಿದಾಗಿನಿಂದ ಹೆಂಡದ ವಾಸನೆ ಕಾಣದ ಮನುಷ್ಯನನ್ನು ಮ್ಯಾನೇಜರ್ ಕರೆದು ಬಾಯಿ ಊದಿಸಿ ನೋಡಿದರು. ಮನೆಯಲ್ಲೂ ಗೊತ್ತಾಗಲಿಲ್ಲ. ರಾಗಿ ಮುದ್ದೆ ಅಗಿಯುವ ಹಾಗಿಲ್ಲ, ನುಂಗುವುದಲ್ಲವೇ. ಆ ನುಂಗುವುದೇ ಆಗದೆ ತುತ್ತು ಗಂಟಲಲ್ಲಿ ನಿಂತಾಗ, ಸಾರು ಗಟ್ಟಿಯಾಯಿತೇನೋ ಎಂದು ಅವರ ತಾಯಿ ತಿಮ್ಮಕ್ಕ ದಿನಾ ಇನ್ನಷ್ಟು ತೆಳುವಾಗಿ ಮಾಡುತ್ತಾ ಹೋದರು. ಬೆಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಒಂದು ಗ್ಲೌಸಿಗೆ ಐಸು ತುಂಬಿ ಇಳಿದ ರೆಪ್ಪೆಯ ಮೇಲೆ ಎರಡು ನಿಮಿಷ ಇಟ್ಟರು. ತೆಗೆದಾಗ ರೆಪ್ಪೆ ಮೇಲೆದ್ದಿತ್ತು. ಕಾಯಿಲೆ ಸಿಕ್ಕಿಬಿತ್ತು. ಮಯಸ್ತೇನಿಯಾ ಅಂತ ಅದರ ಹೆಸರು. ನರ ಕೊಟ್ಟ ಅಪ್ಪಣೆಯನ್ನು ಸ್ನಾಯು ಕೇಳಿಸಿಕೊಳ್ಳುವ ಜಾಗವನ್ನು, ಮೈ ಕಾಯಬೇಕಾದ ಪ್ರತಿಕಾಯಗಳೇ ಮುಚ್ಚಿ ಕೂರುತ್ತವೆ. ಮಾತ್ರೆ ನುಂಗಿದರೆ ನಾಲ್ಕು ಗಂಟೆ ಸರಿ, ಮತ್ತೆ ಇಳಿತ. ಷಣ್ಮುಖಪ್ಪ ಈಗ ಡಿಪೋದಲ್ಲಿ ಕೂತು ಮಾಡುವ ಕೆಲಸದಲ್ಲಿದ್ದಾರೆ.

ಎರಡು ವರ್ಷದ ಹಿಂದೆ ಹಿರೇನಲ್ಲೂರಿನವರೇ ಆದ ಚಂದ್ರಕುಮಾರ್ ಎಂಬುವರು, ಬೆಂಗಳೂರಿನ ಔಷಧ ಕಂಪನಿಯಲ್ಲಿ ಇಪ್ಪತ್ತು ವರ್ಷ ದುಡಿದು ಬಂದು, ತರೀಕೆರೆ ಕಡೆ ಹೋಗುವ ರಸ್ತೆಯ ಹಳೇ ಕೊಬ್ಬರಿ ಗೋದಾಮಿನೊಳಗೆ ಪ್ರೋಟೀನು ತಯಾರಿಸುವ ಚಿಕ್ಕ ಘಟಕ ಕಟ್ಟಿದ್ದರು. ಡೇರಿಯಲ್ಲಿ ಕೈ ಪಳಗಿದವರು ಬೇಕು ಎಂದು ಅವರೇ ಮಲ್ಲಕ್ಕನನ್ನು ಕರೆಸಿಕೊಂಡರು. ಅಲ್ಲಿ ಮಾಡುವುದು ಯಾವ ಕಾಯಿಲೆಯ ಔಷಧಿ ಎಂದು ಕೇಳಿದ ಮೇಲೆ ಮಲ್ಲಕ್ಕ ಸಂಬಳ ಎಷ್ಟು ಎಂದು ಕೇಳುವುದನ್ನೇ ಮರೆತರಂತೆ.

ಕೆಲಸ ಹೀಗೆ. ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಯಿಂದ ಯಾವ ಕಾಲದಲ್ಲೋ ತೆಗೆದ ಜೀವಕೋಶಗಳ ಸಂತತಿ ಇದೆ. ಅದರೊಳಗೆ ಮನುಷ್ಯರ ಒಂದು ಪ್ರೋಟೀನಿನ ವಂಶವಾಹಿಯನ್ನು ಸೇರಿಸಿರುತ್ತಾರೆ. ಕೋಶಗಳನ್ನು ಚಿಕ್ಕ ಫ್ಲಾಸ್ಕಿನಲ್ಲಿ ಬೆಳೆಸಿ, ದೊಡ್ಡ ಫ್ಲಾಸ್ಕಿಗೆ ದಾಟಿಸಿ, ಕೊನೆಗೆ ಐವತ್ತು ಲೀಟರಿನ ತೊಟ್ಟಿಗೆ ಬಿಟ್ಟು, ಹದಿನಾಲ್ಕು ದಿನ ಊಟ, ಗಾಳಿ, ಮೈಬಿಸಿಯಷ್ಟು ಶಾಖ ಕೊಟ್ಟು ಸಾಕಿದರೆ, ಅವು ಆ ಪ್ರೋಟೀನನ್ನು ಮಾಡಿ ಹೊರಗೆ ಬಿಡುತ್ತವೆ. ಅದನ್ನು ಸೋಸಿ, ಶುದ್ಧ ಮಾಡಿ, ಸೀಸೆಗೆ ತುಂಬುವುದು ಆಮೇಲಿನ ಕೆಲಸ. ಫ್ಲಾಸ್ಕಿನಿಂದ ಫ್ಲಾಸ್ಕಿಗೆ ದಾಟಿಸುವುದು ಮಲ್ಲಕ್ಕನ ಪಾಲು. ಒಂದೇ ಒಂದು ಹೊರಗಿನ ಸೂಕ್ಷ್ಮಜೀವಿ ಒಳಗೆ ಹೋದರೂ ಇಡೀ ತೊಟ್ಟಿ ಹಾಳು. ಸೊಸೆ ಇಲಿ ಮುಟ್ಟಿ ಬರುತ್ತಾಳೆ ಎಂದು ತಿಮ್ಮಕ್ಕ ಮೊದಮೊದಲು ಬಾಗಿಲಲ್ಲೇ ಬಿಸಿನೀರು ಇಡುತ್ತಿದ್ದರಂತೆ.

ಆ ಪ್ರೋಟೀನು ಮೈಯೊಳಗೆ ಏನು ಮಾಡುತ್ತದೆ ಎಂದು ನನಗೆ ಬಿಡಿಸಿ ಹೇಳಿದ್ದು ಷಣ್ಮುಖಪ್ಪನವರೇ. ಹಳೆಯ ಪ್ರತಿಕಾಯಗಳನ್ನು ಮೈ ಸುಮ್ಮನೆ ಬಿಸಾಡುವುದಿಲ್ಲವಂತೆ, ಹಿಡಿದು ಮತ್ತೆ ರಕ್ತಕ್ಕೆ ಬಿಡುತ್ತದಂತೆ. "ಅಂದ್ರೆ ವಾಪಸ್ ಬಸ್ಸು ಅಂತ ಇಟ್ಕಳಿ. ನಮ್ಮವಳು ಮಾಡೋ ಪ್ರೋಟೀನು ಮೊದ್ಲೇ ಹತ್ತಿ ಸೀಟಿಗೆಲ್ಲ ಟವೆಲ್ ಹಾಕ್ಬುಡ್ತದೆ. ಆ ಕೆಟ್ಟ ನನ್ಮಕ್ಳಿಗೆ ಸೀಟಿಲ್ಲ. ಕೆಳಗೇ ಉಳ್ಕಂಡು ಕರಗೋಯ್ತವೆ," ಅಂದರು. ಜೊತೆಗೆ ಒಂದಷ್ಟು ಒಳ್ಳೆಯ ಪ್ರತಿಕಾಯಗಳೂ ಕರಗುತ್ತವಲ್ಲ, ಸೋಂಕು ತಗುಲಿದರೆ ಏನು ಗತಿ ಎಂದು ನಾನು ತಕ್ಷಣ ಕೇಳಿದೆ. ಅವರು ಹೆಂಡತಿಯ ಕಡೆ ತಿರುಗಿ, ಈಯಮ್ಮನ್ನ ನಿಮ್ಮ ಪರೀಕ್ಷೆ ವಿಭಾಗಕ್ಕೆ ಸೇರಿಸಿಕೊಳ್ಳಿ ಎಂದು ನಕ್ಕರು. ಅದಕ್ಕೇ ಡಾಕ್ಟರು ಅಳೆದು ಕೊಡೋದು ಎಂದು ಮಲ್ಲಕ್ಕ ಸಮಾಧಾನವಾಗಿ ಉತ್ತರ ಹೇಳಿದರು.

ಈ ವರ್ಷದ ಏಪ್ರಿಲ್‌ನಲ್ಲಿ ಅವರ ಮೊದಲ ದೊಡ್ಡ ಬ್ಯಾಚು ನಾಲ್ಕನೇ ದಿನ ಕೆಟ್ಟಿತು. ಪರದೆಯ ಮೇಲೆ ತೊಟ್ಟಿಯ ಆಮ್ಲಜನಕ ತೋರಿಸುವ ಗೆರೆ ಇದ್ದಕ್ಕಿದ್ದಂತೆ ನೆಲಕ್ಕಿಳಿಯಿತು, ತಿಳಿಯಾಗಿದ್ದ ದ್ರವ ಹುಳಿ ಮಜ್ಜಿಗೆಯ ಹಾಗೆ ಕದಡಿತು. ಜೂನ್‌ನಲ್ಲಿ ಎರಡನೆಯದಕ್ಕೂ ಅದೇ ನಾಲ್ಕನೇ ದಿನ, ಅದೇ ಗತಿ. ಬೆಂಗಳೂರಿನ ಆಸ್ಪತ್ರೆಯವರು ರೋಗಿಗಳ ಮೇಲಿನ ಅಧ್ಯಯನಕ್ಕೆ ಕಾಯುತ್ತಿದ್ದರು. ದೀಪಾವಳಿಯ ಒಳಗೆ ಸೀಸೆಗಳು ಕೈಸೇರದಿದ್ದರೆ ಬೇರೆ ಕಡೆಯಿಂದ ತರಿಸುತ್ತೇವೆ ಎಂದು ಪತ್ರ ಬರೆದರು. ಹಾಗಾದರೆ ಕಡೂರಿನ ಘಟಕ ಈ ಔಷಧಿಯನ್ನು ಕೈಬಿಟ್ಟಂತೆಯೇ. ಮೂರನೇ ಬ್ಯಾಚು ಒಂದೇ ಉಳಿದಿದ್ದು, ಅದು ಕೆಡದೆ ನಿಲ್ಲಲೇಬೇಕಿತ್ತು. ಷಣ್ಮುಖಪ್ಪ ಆ ಅಧ್ಯಯನಕ್ಕೆ ಹೆಸರು ಕೊಟ್ಟಿದ್ದರು. ಆರಿಸುವುದು ಬಿಡುವುದು ಆಸ್ಪತ್ರೆಯವರ ಕೈಲಿತ್ತು, ಮಲ್ಲಕ್ಕನದು ಅದರಲ್ಲಿ ಏನೂ ನಡೆಯದು. ಆದರೂ ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಆಸೆ ಅದು.

ಕೆಡಿಸಿದ್ದು ಯಾರು ಎಂಬ ಹುಡುಕಾಟ ಶುರುವಾಯಿತು. ಗುಣಮಟ್ಟ ನೋಡುವ ರಘುನಾಥ್ ನೀರು ಪರೀಕ್ಷಿಸಿದರು, ಗಾಳಿ ಸೋಸುವ ಫಿಲ್ಟರ್ ಬದಲಿಸಿದರು. ಎಲ್ಲ ಸರಿಯಿತ್ತು. ಫ್ಲಾಸ್ಕು ದಾಟಿಸುವ ಕೋಣೆಯಲ್ಲಿ ಸೂಕ್ಷ್ಮಜೀವಿ ಹಿಡಿಯಲು ತೆರೆದಿಟ್ಟ ಪರೀಕ್ಷೆಯ ತಟ್ಟೆಗಳಲ್ಲಿ ಮಾತ್ರ, ಒಣಗಿ ಸುಕ್ಕಾದ ಬಿಳಿಯ ಕಲೆಗಳು ಬೆಳೆದವು. ಮಣ್ಣಿನಲ್ಲಿ, ಸಗಣಿಯಲ್ಲಿ ಇರುವ ಜಾತಿಯ ಬ್ಯಾಕ್ಟೀರಿಯಾ. ಆ ಕೋಣೆಗೆ ಹೋಗುವವರು ಇಬ್ಬರೇ: ಮಲ್ಲಕ್ಕ ಮತ್ತು ತರೀಕೆರೆಯಿಂದ ದಿನಾ ಬಸ್ಸಿನಲ್ಲಿ ಬರುವ ಕೋಮಲಾ ಎಂಬ ಇಪ್ಪತ್ಮೂರರ ಹುಡುಗಿ. ಬಟ್ಟೆ ಬದಲಿಸುವ ಕೋಣೆಯಲ್ಲಿ ಒಂದು ದಿನ ಕನಕಾಂಬರದ ಎಸಳು ಸಿಕ್ಕಿತ್ತು. ಹೂ ಮುಡಿದು ಬರಬಾರದು ಎಂಬ ನಿಯಮ ಗೋಡೆಯ ಮೇಲೇ ಇದೆ. ಅಷ್ಟಕ್ಕೇ ರಘುನಾಥ್ ಕೋಮಲಾಳನ್ನು ಹೊರಗಿನ ಕೆಲಸಕ್ಕೆ ಹಾಕಿ, ಮುಂದಿನ ವಾರ ವರದಿ ಬರೆಯುತ್ತೇನೆ ಅಂದರು. ವರದಿಯಾದರೆ ಕೆಲಸ ಹೋದಂತೆ. ಹುಡುಗಿ ಬಾಗಿಲಲ್ಲೇ ಹೂ ತೆಗೆದಿಡುತ್ತಿದ್ದೆ ಎಂದು ಅತ್ತಳಂತೆ. ಮಲ್ಲಕ್ಕನಿಗೂ ಒಳಗೊಳಗೆ ಅವಳ ಮೇಲೇ ಅನುಮಾನವಿತ್ತು. ಡೇರಿಯಲ್ಲಿದ್ದಾಗಿನಿಂದ ತನ್ನ ಕೈ ಎಷ್ಟು ಚೊಕ್ಕ ಎಂಬ ಹೆಮ್ಮೆ ಅವರಿಗೆ.

ಆ ಭಾನುವಾರ ಬೆಳಗ್ಗೆ ಮಲ್ಲಕ್ಕ ಸ್ನಾನ, ಲಿಂಗಪೂಜೆ ಮುಗಿಸಿ ಮಹಡಿಗೆ ಬಂದರು. ನನ್ನ ಮಗಳು ನನ್ನ ಕೈಯಲ್ಲಿ ತಿನ್ನುವುದಿಲ್ಲ, ಅವರ ಕೈಯಲ್ಲಿ ಬಟ್ಟಲು ಖಾಲಿ ಮಾಡುತ್ತಾಳೆ. ನನಗೆ ಅದೂ ಒಂದು ಚಿಂತೆ. ಅವರು ಬಗ್ಗಿ ರಾಗಿ ಸರಿ ತಿನ್ನಿಸುತ್ತಿದ್ದರು. ನಾನು ಎಂದಿನಂತೆ ಪಕ್ಕದಲ್ಲೇ ನಿಂತು ಕಾಯುತ್ತಿದ್ದೆ. ಕಂದು ಬಣ್ಣದ ಸರಿಯ ಮೇಲೆ ಎರಡು ಮೂರು ಬಿಳಿ ಪುಡಿ ಬಿದ್ದವು. ಮಾತಾಡದೆ ಬಟ್ಟಲು ತೆಗೆದುಕೊಂಡು ಬೇರೆ ಬಟ್ಟಲಿಗೆ ಸರಿ ಹಾಕಿ ತಂದೆ. ಮಲ್ಲಕ್ಕ ನೋಡಿದರು. ಏನಾಯ್ತು ಎಂದು ಕೇಳಿದರು. ನನಗೆ ಸಂಕೋಚ. "ಏನಿಲ್ಲ ಅಕ್ಕ, ನಿಮ್ಮ ಹಣೆಯಿಂದ ಸ್ವಲ್ಪ ವಿಭೂತಿ ಉದುರಿತು," ಅಂದೆ.

ಅವರು ಚಮಚವನ್ನು ಹಿಡಿದ ಹಾಗೇ ಹಿಡಿದು ಕೂತರು. ಮಗು ಬಾಯಿ ತೆರೆದು ಕಾಯುತ್ತಿತ್ತು. ಅವರಿಗೆ ನೋವಾಯಿತು ಅಂದುಕೊಂಡು ನಾನು ಏನೇನೋ ಸಮಜಾಯಿಷಿ ಹೇಳತೊಡಗಿದೆ. ಅವರು ನನ್ನ ಮಾತು ಕೇಳುತ್ತಲೇ ಇರಲಿಲ್ಲ. ಬಟ್ಟಲು ಮುಗಿಸಿದರು, ಮಗುವಿನ ಬಾಯಿ ಒರೆಸಿದರು, ಇಳಿದು ಹೋದರು.

ಸೋಮವಾರ ಅವರು ಮಾಡಿದ್ದನ್ನು ಆಮೇಲೆ ಕೋಮಲಾ ನನಗೆ ಹೇಳಿದಳು. ಮಲ್ಲಕ್ಕ ಅವಳನ್ನು ಬಟ್ಟೆ ಬದಲಿಸುವ ಕೋಣೆಗೆ ಕರೆದು ಮೂರು ತಟ್ಟೆ ಇಟ್ಟರು. ಮೊದಲನೆಯದರ ಮೇಲೆ ತಾವು ಬಗ್ಗಿ, ಹಣೆಯನ್ನು ಟೋಪಿಯ ಅಂಚಿನಿಂದ ಮೂರು ಸಲ ಉಜ್ಜಿದರು. ಎರಡನೆಯದರ ಮೇಲೆ ಕೋಮಲಾಳನ್ನು ಬಗ್ಗಿಸಿ ಹಾಗೇ ಉಜ್ಜಿಸಿದರು. ಆಮೇಲೆ ಸೋಪು ಹಾಕಿ ತಮ್ಮ ಹಣೆ ತೊಳೆದು, ಮೂರನೆಯದಕ್ಕೆ ಬಗ್ಗಿದರು. ಯಾಕೆ ಎಂದು ಕೇಳಿದರೆ, ಬುಧವಾರ ಹೇಳ್ತೀನಿ ಸುಮ್ಕಿರು ಅಂದರಂತೆ. ಬುಧವಾರ ಎರಡು ಮತ್ತು ಮೂರನೇ ತಟ್ಟೆಯಲ್ಲಿ, ಎಲ್ಲರ ಚರ್ಮದ ಮೇಲೂ ಇರುವ ಸಣ್ಣ ದುಂಡನೆಯ ಚುಕ್ಕೆಗಳು ನಾಲ್ಕೋ ಐದೋ ಇದ್ದವು. ಮೊದಲನೆಯ ತಟ್ಟೆಯ ತುಂಬ ಒಣಗಿ ಸುಕ್ಕಾದ ಬಿಳಿಯ ಕಲೆ.

ಅವತ್ತೇ ಮಧ್ಯಾಹ್ನ ಚಂದ್ರಕುಮಾರ್ ಅವರ ಕೋಣೆಯಲ್ಲಿ ರಘುನಾಥ್ ವರದಿಯ ಕರಡು ಓದುವುದಿತ್ತು. ಕೋಮಲಾಳನ್ನೂ ಕರೆಸಿದ್ದರು. ಮಲ್ಲಕ್ಕ ಮೂರು ತಟ್ಟೆಯನ್ನೂ ಮೇಜಿನ ಮೇಲಿಟ್ಟು, ರಘುನಾಥ್ ಬಾಯಿ ತೆರೆಯುವ ಮೊದಲೇ ಮಾತಾಡಿದರು.

"ಹುಡುಗೀದು ಏನೂ ಇಲ್ಲ ಸರ್. ಎರಡು ಬ್ಯಾಚನ್ನೂ ಕೆಡಿಸಿದ್ದು ನಾನು. ನನ್ನ ಹಣೆ ಮೇಲಿನ ವಿಭೂತಿ."

ರಘುನಾಥ್ ಗೋಡೆಯ ಮೇಲಿನ ನಿಯಮದ ಹಾಳೆ ತರಿಸಿದರು. ಪೌಡರ್ ಬೇಡ, ಕಾಡಿಗೆ ಬೇಡ, ಸ್ಟಿಕರ್ ಬೇಡ, ಹೂ ಬೇಡ, ಬಳೆ ಬೇಡ. ವಿಭೂತಿ ಎಂದು ಎಲ್ಲೂ ಇರಲಿಲ್ಲ. ಎರಡು ವರ್ಷದಿಂದ ದಿನಾ ಮಲ್ಲಕ್ಕನ ಮುಖ ನೋಡಿ ಒಳಗೆ ಬಿಡುತ್ತಿದ್ದವರು ಅದೇ ರಘುನಾಥ್.

"ಅದ್ರಾಗೆ ಬರ್ದಿದ್ದೆಲ್ಲ ಬಿಟ್ಟು ಬಂದೆ ಸರ್. ಇದು ಶೃಂಗಾರ ಅಲ್ವಲ್ಲ. ಮುಖಕ್ಕೆ ಹಚ್ಕಂಡಿದ್ದು ಅಂತ ನಂಗೆ ಒಂದಿನಾನೂ ಅನ್ಸಿಲ್ಲ."

ನಿಯಮ ಬರೆದಿದ್ದು ಚಂದ್ರಕುಮಾರ್. ಅವರ ಹಣೆಯ ಮೇಲೂ ಅವತ್ತು ತೆಳ್ಳಗೆ ಮೂರು ಗೆರೆ ಇದ್ದವು. ಅವರ ಕೈ ತಾನಾಗಿ ಅಲ್ಲಿಗೆ ಹೋಯಿತು ಎಂದು ಕೋಮಲಾ ನಗುತ್ತಾ ಹೇಳಿದಳು. ಸಗಣಿ ಸುಟ್ಟ ಬೂದಿಯಲ್ಲಿ ಸಾಮಾನ್ಯವಾಗಿ ಏನೂ ಉಳಿಯುವುದಿಲ್ಲ. ಆದರೆ ವಿಭೂತಿಯ ಗಟ್ಟಿಯನ್ನು ದಿನಾ ಒದ್ದೆ ಮಾಡಿ ಒಣಗಿಸಿ ಇಟ್ಟರೆ, ಈ ಜಾತಿಯ ಬ್ಯಾಕ್ಟೀರಿಯಾದ ಬೀಜ ಬಂದು ಸೇರಿ ವರ್ಷಗಟ್ಟಲೆ ಕೂತಿರಬಲ್ಲದಂತೆ. ಕನ್ನಡಕ ಮತ್ತು ಟೋಪಿಯ ನಡುವೆ ಎರಡು ಬೆರಳಷ್ಟು ಹಣೆ ಬಿಟ್ಟಿರುತ್ತದೆ. ಬಗ್ಗಿ ಫ್ಲಾಸ್ಕಿನ ಮುಚ್ಚಳ ತೆಗೆಯುವಾಗ ಒಂದು ಕಣ ಸಾಕು.

ಮಲ್ಲಕ್ಕ ತನ್ನನ್ನು ಆ ಕೋಣೆಯಿಂದ ತೆಗೆಯಬಹುದು ಎಂದೂ ಹೇಳಿದರು. ರಘುನಾಥ್ ಒಪ್ಪಲು ತಯಾರಿದ್ದರು. ಚಂದ್ರಕುಮಾರ್ ಮಾತ್ರ, ತಪ್ಪು ಹಾಳೆಯದು, ಹಾಳೆ ತಿದ್ದೋಣ, ಕೈ ಯಾಕೆ ಬದಲಿಸಬೇಕು ಅಂದರು. ಕೋಮಲಾಳ ಹೆಸರಿನ ಕರಡನ್ನು ಅಲ್ಲೇ ಹರಿದರು. ಹುಬ್ಬಿನವರೆಗೆ ಎಳೆದುಕೊಳ್ಳುವಂಥ ಟೋಪಿ ತರಿಸುವುದೆಂದೂ, ಒಳಗೆ ಹೋಗುವವರೆಲ್ಲ ಹಣೆಯನ್ನೂ ಸೋಪು ಹಾಕಿ ತೊಳೆಯುವುದೆಂದೂ ತೀರ್ಮಾನವಾಯಿತು. ಹೊರಗೆ ಬಂದ ಮೇಲೆ ಮಲ್ಲಕ್ಕ ಕೋಮಲಾಳ ಹತ್ತಿರ, ನಾನೂ ನಿನ್ನ ಮೇಲೆ ಅನುಮಾನ ಪಟ್ಟಿದ್ದೆ ಎಂದು ಒಪ್ಪಿಕೊಂಡರು.

ಕಷ್ಟವಾದದ್ದು ಮನೆಯಲ್ಲಿ. ಬೆಳಗಿನ ಪೂಜೆಯಲ್ಲಿ ಹಚ್ಚಿದ್ದನ್ನು ಘಟಕಕ್ಕೆ ಹೋಗಿ ಸೋಪು ಹಾಕಿ ತೊಳೆಯುವುದಕ್ಕೆ ಮಲ್ಲಕ್ಕನ ಮನಸ್ಸು ಒಪ್ಪಲಿಲ್ಲ. ತೊಳೆಯುವುದಕ್ಕಿಂತ ಹಚ್ಚದೆ ಹೋಗುವುದೇ ಮೇಲು, ಸಂಜೆ ಬಂದು ಸ್ನಾನ ಮಾಡಿ ಹಚ್ಚಿಕೊಳ್ಳುತ್ತೇನೆ ಅಂದರು. ತಿಮ್ಮಕ್ಕ ಸೆರಗು ಹೊದ್ದು ಗೋಡೆಗೆ ಒರಗಿ ಕೂತುಬಿಟ್ಟರು. ಈ ಮನೆಯಿಂದ ಬೋಳು ಹಣೆಯಲ್ಲಿ ಯಾರೂ ಬೆಳಗ್ಗೆ ಹೊಸಿಲು ದಾಟಿದ್ದಿಲ್ಲ, ಮಗನಿಗೆ ಮೊದಲೇ ಮೈ ನೆಟ್ಟಗಿಲ್ಲ, ಇನ್ನೇನು ಕಾದಿದೆಯೋ ಎಂದು ಎರಡು ದಿನ ಊಟದ ಹೊತ್ತಿಗೆಲ್ಲ ಅದೇ ಮಾತು. ನನಗೆ ಮಹಡಿಯ ಮೆಟ್ಟಿಲು ಇಳಿಯಲೂ ಭಯ. ಇದೆಲ್ಲ ನಾನು ಬಟ್ಟಲು ಬದಲಿಸಿದ್ದರಿಂದ ಆದದ್ದು ಎಂದು ತಿಮ್ಮಕ್ಕನಿಗೆ ಗೊತ್ತಾದರೆ ಎಂಬ ಚಿಂತೆ.

ಮೂರನೇ ದಿನ ಷಣ್ಮುಖಪ್ಪ ಊಟ ಅರ್ಧಕ್ಕೆ ನಿಲ್ಲಿಸಿದರು. ಅವತ್ತು ಅವರ ರೆಪ್ಪೆ ಎರಡೂ ಇಳಿದಿದ್ದವು, ತಲೆ ಹಿಂದಕ್ಕೆ ವಾಲಿಸಿ ತಾಯಿಯನ್ನು ನೋಡುತ್ತಾ ಹೇಳಿದರು:

"ಲಿಂಗ ಎದೆ ಮೇಲೆ ಐತಲ್ಲವ್ವ, ಅದನ್ನೇನು ಬಿಚ್ಚಿಟ್ಟು ಹೋಗ್ತಾಳಾ? ಹಣೇದು ಸಾಯಂಕಾಲ ಹಚ್ಕತಾಳೆ. ನನ್ನಂಗೆ ಕಣ್ಣು ಮುಚ್ಕಂಡು ಕೂತಿರೋರು ಎಷ್ಟು ಜನ ಅವ್ರೆ ಗೊತ್ತಾ ನಿಂಗೆ?"

ಮಾರನೆಯ ಬೆಳಗ್ಗೆ ಸೊಸೆ ಹೊಸಿಲು ದಾಟುವಾಗ ತಿಮ್ಮಕ್ಕ ಬೇರೆ ಕಡೆ ನೋಡುತ್ತಿದ್ದರು. ಆದರೆ ಊಟದ ಡಬ್ಬಿ ಕಟ್ಟಿ ಕೊಟ್ಟಿದ್ದರು.

ಆಗಸ್ಟಿನಲ್ಲಿ ಮೂರನೇ ಬ್ಯಾಚು ಶುರುವಾಯಿತು. ಮೊದಲ ಎರಡು ವಾರ ಫ್ಲಾಸ್ಕುಗಳ ಕೆಲಸ, ಒಳಗೆ ಮಲ್ಲಕ್ಕ, ಪಕ್ಕದಲ್ಲಿ ಕೋಮಲಾ. ತೊಟ್ಟಿಗೆ ಬಿಟ್ಟ ದಿನದಿಂದ ನಾನು ದಿನ ಎಣಿಸತೊಡಗಿದೆ. ಎರಡು ಸಲವೂ ಕೆಟ್ಟಿದ್ದು ನಾಲ್ಕನೇ ದಿನ. ಆ ದಿನ ಮಗಳಿಗೆ ಹಲ್ಲು ಬರುತ್ತಿದ್ದ ಜ್ವರ, ನನಗೆ ಎರಡೆರಡು ಆತಂಕ. ಮಧ್ಯಾಹ್ನ ಹನ್ನೆರಡಕ್ಕೆ ತಡೆಯಲಾರದೆ ಮಲ್ಲಕ್ಕನಿಗೆ ಫೋನು ಮಾಡಿದೆ. ಅವರು ಎತ್ತಲಿಲ್ಲ, ಒಳಗೆ ಫೋನು ಒಯ್ಯುವಂತಿಲ್ಲ. ಒಂದೂವರೆಗೆ ತಾವೇ ಮಾಡಿ, ಮೊದಲು ಮಗುವಿನ ಜ್ವರ ಎಷ್ಟಿದೆ ಕೇಳಿದರು. ನಾನು ತೊಟ್ಟಿಯ ವಿಷಯ ಕೇಳಿದೆ. ಗೆರೆ ಎಲ್ಲಿರಬೇಕೋ ಅಲ್ಲೇ ಇದೆ, ದ್ರವ ತಿಳಿಯಾಗಿದೆ, ನೀನು ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕು ಅಂದರು. ಐದನೇ ದಿನವೂ ಗೆರೆ ನಿಂತಿತು. ಆರನೇ ದಿನ ಷಣ್ಮುಖಪ್ಪ ಡಿಪೋದವರಿಗೆಲ್ಲ ಟೀ ಕೊಡಿಸಿದರು. ಇನ್ನೂ ಎಂಟು ದಿನ ಇದೆ, ಈಗಲೇ ಯಾಕೆ ಎಂದು ಮಲ್ಲಕ್ಕ ಬೈದರು.

ಹದಿನಾಲ್ಕನೇ ದಿನ ತೊಟ್ಟಿಯ ದ್ರವ ಇಳಿಸಿಕೊಂಡರು. ಸೋಸುವುದು, ಶುದ್ಧ ಮಾಡುವುದು, ಸೀಸೆಗೆ ತುಂಬುವುದು, ಮತ್ತೆ ಪರೀಕ್ಷೆಗೆ ಕಾಯುವುದು, ಹೀಗೆ ಸೆಪ್ಟೆಂಬರ್ ಕಳೆಯಿತು. ಸೂಕ್ಷ್ಮಜೀವಿ ಇಲ್ಲ ಎಂಬ ವರದಿಗೆ ರಘುನಾಥ್ ಸಹಿ ಹಾಕಿದ್ದು ಆಯುಧಪೂಜೆಯ ಮುನ್ನಾ ದಿನ. ನಿಯಮದ ಹೊಸ ಹಾಳೆಯಲ್ಲಿ ಅವರೇ ಕೈಯಾರೆ ವಿಭೂತಿ, ಕುಂಕುಮ, ಗಂಧ ಎಂದು ಸೇರಿಸಿದರಂತೆ. ಮಲ್ಲಕ್ಕ ಓದಿ, ಅರಿಶಿನಾನೂ ಬರೀರಿ ಸರ್, ಗೌರಿ ಹಬ್ಬಕ್ಕೆ ನೀವು ಮರೆತ್ಬುಡ್ತೀರಿ ಅಂದರಂತೆ.

ಸೀಸೆಗಳನ್ನು ತಣ್ಣನೆಯ ಪೆಟ್ಟಿಗೆಯಲ್ಲಿಟ್ಟುಕೊಂಡು ವ್ಯಾನು ಬೆಂಗಳೂರಿಗೆ ಹೊರಟ ಬೆಳಗ್ಗೆ, ಷಣ್ಮುಖಪ್ಪ ನೋಡಲೇಬೇಕೆಂದು ಹಟ ಹಿಡಿದರು. ಮಗಳನ್ನು ಎತ್ತಿಕೊಂಡು ನಾನೂ ಹೋದೆ. ರಸ್ತೆಯ ಧೂಳಿಗೆ ಅವಳ ಮುಖ ಮುಚ್ಚಿದ್ದೆ. ವ್ಯಾನು ಗೇಟು ದಾಟುವಾಗ ಷಣ್ಮುಖಪ್ಪ ಅದರ ಹಿಂಬದಿಯನ್ನು ಎರಡು ಸಲ ತಟ್ಟಿ ಕಂಡಕ್ಟರ್ ದನಿಯಲ್ಲಿ "ರೈಟ್, ರೈಟ್" ಅಂದರು. ಮಾತ್ರೆ ತೆಗೆದುಕೊಂಡು ಒಂದು ಗಂಟೆಯಾಗಿತ್ತು, ದನಿ ಗಟ್ಟಿಯಾಗಿತ್ತು.

ಆಸ್ಪತ್ರೆಯ ಪಟ್ಟಿಯಲ್ಲಿ ಅವರ ಹೆಸರು ಬಂತು. ಅರ್ಧ ಜನರಿಗೆ ಔಷಧಿ, ಅರ್ಧ ಜನರಿಗೆ ಬರೀ ಉಪ್ಪುನೀರು ಕೊಡುತ್ತಾರೆ, ಯಾರಿಗೆ ಯಾವುದು ಎಂದು ಕೊಡುವ ಡಾಕ್ಟರಿಗೂ ಗೊತ್ತಿರುವುದಿಲ್ಲ. ಇದು ಕೇಳಿ ನನಗೆ ನಿದ್ದೆ ಬರಲಿಲ್ಲ. ಇಷ್ಟು ಕಷ್ಟಪಟ್ಟು ಮಾಡಿ ಕೊನೆಗೆ ನಿಮ್ಮವರಿಗೇ ಉಪ್ಪುನೀರು ಸಿಕ್ಕರೆ ಎಂದು ಮಲ್ಲಕ್ಕನನ್ನು ಕೇಳಿದೆ. ಅವರು ಬಟ್ಟೆ ಒಣಹಾಕುತ್ತಿದ್ದರು.

"ಸಿಗ್ಲಿ ಬಿಡು. ಕೆಲಸ ಮಾಡ್ತದೆ ಅಂತ ಗೊತ್ತಾಗೋದೇ ಹಂಗೆ. ಗೊತ್ತಾದ್ಮೇಲೆ ಎಲ್ರಿಗೂ ಬೇಕಲ್ಲ, ಅಷ್ಟೊತ್ತಿಗೆ ನಾವು ಮಾಡಿ ಇಟ್ಟಿರ್ಬೇಕು."

ಮುಂದಿನ ಸೋಮವಾರ ನಾಲ್ಕನೇ ಬ್ಯಾಚಿನ ಮೊದಲ ಫ್ಲಾಸ್ಕು ತೆರೆದವಳು ಕೋಮಲಾ. ಮಲ್ಲಕ್ಕ ಕೆಲಸ ಅವಳಿಗೇ ಬಿಟ್ಟು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು.